ದನಿ ಒಡೆದ ಮೇಲಿನ ಪದ

ನಮ್ಮ ಕಡೆ ಹಾಡುವುದು ಬೇರೆ, ಪದ ಹೇಳುವುದು ಬೇರೆ. ಹಾಡುವುದು ಸಂಗೀತ ಕಲಿತವರ ಕೆಲಸ. ಪದ ಯಾರೂ ಹೇಳಬಹುದು. ಇಂಗ್ಲೆಂಡಿನ ಜಾನಪದ ಗಾಯಕಿ ಶರ್ಲಿ ಕಾಲಿನ್ಸಳ ‘ಲೋಡ್‌ಸ್ಟಾರ್’ ಎಂಬ ಧ್ವನಿಮುದ್ರಿಕೆ ಕೇಳಿದಾಗ, ಈಕೆ ಹಾಡುತ್ತಿಲ್ಲ, ಪದ ಹೇಳುತ್ತಿದ್ದಾಳೆ ಎನ್ನಿಸಿತು. ಅದು ಹೊರಬಂದದ್ದು 2016ರಲ್ಲಿ. ಆಗ ಆಕೆಗೆ 81 ವರ್ಷ.

ಶರ್ಲಿ ಹುಟ್ಟಿದ್ದು 1935ರಲ್ಲಿ, ಸಸೆಕ್ಸ್ ಸೀಮೆಯ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳು ಬಂದಾಗ ಮೊಮ್ಮಕ್ಕಳ ಹೆದರಿಕೆ ಕಳೆಯಲು ಅಜ್ಜ ಹಳೆಯ ಹಾಡುಗಳನ್ನು ಹೇಳುತ್ತಿದ್ದನಂತೆ. 1959ರಲ್ಲಿ ಆಕೆ ಅಲನ್ ಲೊಮ್ಯಾಕ್ಸ್ ಎಂಬ ಸಂಗ್ರಾಹಕನೊಡನೆ ಅಮೆರಿಕೆಯ ದಕ್ಷಿಣ ಭಾಗವನ್ನು ಸುತ್ತಿ ಹಳ್ಳಿಗರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬಂದಳು. ಅಕ್ಕ ಡಾಲಿ ವಾದ್ಯ ನುಡಿಸಿ, ತಂಗಿ ಹಾಡಿ, ಇಬ್ಬರೂ ಹೆಸರಾದರು. ಮುಂದೆ ದಾಂಪತ್ಯ ಮುರಿದ ನೋವಿನಲ್ಲಿ ಶರ್ಲಿಯ ಗಂಟಲು ಕಟ್ಟಿತು. ವೈದ್ಯರು ಇದಕ್ಕೆ ಡಿಸ್‌ಫೋನಿಯಾ ಎನ್ನುತ್ತಾರೆ. 1978ರ ಮುದ್ರಿಕೆಯೇ ಕೊನೆಯದೆಂದು ಎಲ್ಲರೂ ತಿಳಿದಿದ್ದರು. ಮತ್ತೊಂದು ಬರಲು 38 ವರ್ಷ ಹಿಡಿಯಿತು.

ಇದರ ಧ್ವನಿಮುದ್ರಣ ನಡೆದದ್ದು ಲೂಯಿಸ್ ಎಂಬ ಊರಿನ ಆಕೆಯ ಮನೆಯಲ್ಲಿಯೇ. ಒಂದು ಹಾಡಿನ ಹಿಂದೆ ಹೊರಗಿನ ಹಕ್ಕಿಗಳ ದನಿಯೂ ಕೇಳಿಸುತ್ತದೆ, ಅದನ್ನು ತೆಗೆದುಹಾಕಿಲ್ಲ. ಮೊದಲನೆಯ ಹಾಡು 1580ರಲ್ಲಿ ಲಂಡನ್ನನ್ನು ನಡುಗಿಸಿದ ಭೂಕಂಪವನ್ನು ಕುರಿತದ್ದು. ಮುಂದೆ ಕೊಲೆಯ ಕಥೆ ಬರುತ್ತದೆ, ಸಾವು ಒಬ್ಬ ಹೆಣ್ಣನ್ನು ಎದುರುಗೊಳ್ಳುವ ಕಥೆ ಬರುತ್ತದೆ. ಪ್ರಾಯದ ದಿನಗಳ ತೆಳು ದನಿ ಈಗಿಲ್ಲ. ಅದು ಕೆಳಗಿಳಿದು ಒರಟಾಗಿದೆ. ಆದರೆ ಎಲ್ಲಿಯೂ ಅಳುವಿಲ್ಲ, ಆಲಾಪವಿಲ್ಲ. ಕಥೆ ಮುಂದೆ ನಿಲ್ಲುತ್ತದೆ, ಹೇಳುವವಳು ಅದರ ಹಿಂದೆ ನಿಲ್ಲುತ್ತಾಳೆ.

ನಮ್ಮ ಅವ್ವ ಪದ ಹೇಳುತ್ತಿದ್ದುದೂ ಹೀಗೆಯೇ. ನಮ್ಮದು ಹಲಸಂಗಿಯ ಸೀಮೆ. ಅಲ್ಲಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ಪದಗಳೇ 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದವು. ಅಪ್ಪ ತೀರಿಕೊಂಡ ಮೇಲೆ ಅವ್ವ ಪುಣೆಯ ನಮ್ಮ ಕ್ವಾರ್ಟರ್ಸಿಗೆ ಬಂದಳು. ಬೀಸುಕಲ್ಲು ಊರಲ್ಲಿ ಉಳಿಯಿತು. ಪದವೂ ಅದರ ಜೊತೆಗೇ ಉಳಿಯಿತು. ಹೇಳೆಂದರೆ, “ದನಿ ಒಡದೈತಿ ತಮ್ಮಾ, ಇನ್ನೇನ್ ಪದ?” ಎನ್ನುವಳು.

ಒಂದು ಭಾನುವಾರ ಅವಳಿಗೂ ಶರ್ಲಿಯ ಹಾಡು ಕೇಳಿಸಿದೆ. ಇಂಗ್ಲಿಷು ಬಾರದು. ಕಾಳು ಹಸನು ಮಾಡುತ್ತ ಎರಡು ಹಾಡು ಕೇಳಿ, “ಈಕೀದೂ ದನಿ ಒಡದೈತಿ” ಎಂದಳು. ಸ್ವಲ್ಪ ತಡೆದು, “ಆದ್ರೂ ಹೇಳಾಕತ್ಯಾಳಲ್ಲ” ಎಂದಳು. ಸಂಜೆ ಯಾರೂ ಕೇಳದಿದ್ದರೂ ತಾನಾಗಿಯೇ ಒಂದು ಪದ ಎತ್ತಿಕೊಂಡಳು. ಮಗಳು ಸದ್ದಿಲ್ಲದೆ ಫೋನು ತಂದು ಹತ್ತಿರ ಇಟ್ಟಳು. ನಡುವೆ ಅಡಿಗೆಮನೆಯ ಕುಕ್ಕರು ಎರಡು ಸಲ ಕೂಗಿದೆ. ಅದು ಹಾಗೆಯೇ ಇರಲಿ ಎಂದೆ.

ಈವರೆಗೆ ಹನ್ನೊಂದು ತ್ರಿಪದಿಗಳು ಸಿಕ್ಕಿವೆ. ಅವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಾಲ್ಕರಲ್ಲಿ ಮೂರನೆಯ ಸಾಲು ಅವ್ವನಿಗೆ ನೆನಪಾಗುತ್ತಿಲ್ಲ. ಅವಳಿಗಿಂತ ಹಿರಿಯರು ಈಗ ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಸಂಘದ ಬಂಧುಗಳಲ್ಲಿ ಆ ಸೀಮೆಯವರು ಅನೇಕರಿದ್ದೀರಿ. ಮುಂದಿನ ಸಭೆಗೆ ನೋಟುಬುಕ್ಕು ತರುತ್ತೇನೆ. ನಿಮ್ಮ ಮನೆಯ ಅಜ್ಜಿಯನ್ನೂ ಕರೆತನ್ನಿ. ಆ ನಾಲ್ಕು ಸಾಲುಗಳ ಜಾಗವನ್ನು ಖಾಲಿ ಬಿಟ್ಟಿದ್ದೇನೆ.