ನಿಟ್ಟೆಯ ಗುಡ್ಡೆ, ತೋಡು, ಕಾಲುದಾರಿ

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ರಸ್ತೆಯಲ್ಲಿ ನಿಟ್ಟೆಯನ್ನು ದಾಟುವವರಿಗೆ ಈಗ ಕಾಣುವುದು ಕಾಲೇಜುಗಳ ಎತ್ತರದ ಕಟ್ಟಡಗಳು, ಹಾಸ್ಟೆಲ್‌ಗಳು, ಅಂಗಡಿಗಳ ಸಾಲು. ಈ ರಸ್ತೆಯಿಂದ ಒಳಗೆ, ಗುಡ್ಡೆಯ ಓರೆಯಲ್ಲಿ, ಗದ್ದೆಯ ಅಂಚಿನಲ್ಲಿ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಇನ್ನೊಂದು ನಿಟ್ಟೆ ಇತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿ ಬೆಳೆದ ನಮ್ಮಂಥವರಿಗೆ ಡಾಮರು ರಸ್ತೆ ಎಂದರೆ ಬಸ್ಸು ಹಿಡಿಯುವ ಜಾಗ ಅಷ್ಟೆ. ಶಾಲೆಗೆ, ಗಿರಣಿಗೆ, ಬೀಡಿ ಬ್ರಾಂಚಿಗೆ, ನೆಂಟರ ಮನೆಗೆ, ಭೂತದ ಕೋಲಕ್ಕೆ, ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದುದೆಲ್ಲ ಕಾಲುದಾರಿಯಲ್ಲೇ.

ನಮ್ಮ ಕಡೆಯ ನೆಲ ಏರಿಳಿತದ್ದು. ಮೇಲೆ ಮುರಕಲ್ಲಿನ ಪಾದೆ ಮತ್ತು ಗುಡ್ಡೆ. ಅದರ ಕೆಳಗೆ ಮಳೆಯನ್ನೇ ನಂಬಿದ ಬೆಟ್ಟು ಗದ್ದೆ, ಆಮೇಲೆ ಎರಡು ಬೆಳೆಯ ಮಜಲು, ತಳದಲ್ಲಿ ಬೈಲು. ಬೈಲಿನ ಅಂಚಿಗೆ ತೋಡು. ದಾರಿಯೂ ಇದೇ ಕ್ರಮದಲ್ಲಿ ಇಳಿಯುತ್ತಿತ್ತು. ಗುಡ್ಡೆಯಲ್ಲಿ ಅದು ಹುಲ್ಲಿನ ನಡುವೆ ಸವೆದ ಕೆಂಪು ಗೆರೆ. ತೋಟಗಳ ನಡುವೆ ಬಂದರೆ ಆಳದ ಓಣಿ, ಎರಡೂ ಕಡೆ ಪಾಚಿ ಹಿಡಿದ ಮಣ್ಣಿನ ಗೋಡೆ. ಓಣಿಯ ಬಾಯಲ್ಲಿ ತಡಮೆ. ಮನುಷ್ಯರು ಹತ್ತಿ ಇಳಿಯಬಹುದು, ದನಕರು ನುಗ್ಗಲಾರವು. ಬೈಲಿಗೆ ಬಂದ ಮೇಲೆ ಗದ್ದೆಯ ಬದುವಾದ ಕಟ್ಟಪುಣಿ, ಕೊನೆಗೆ ತೋಡಿನ ಮೇಲೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಸಂಕ ದಾಟುವುದೆಂದರೆ ದೊಡ್ಡವರ ಕೈ ಹಿಡಿದು, ಕೆಳಗೆ ಓಡುವ ಕೆಂಪು ನೀರನ್ನು ನೋಡದೆ ಹೆಜ್ಜೆ ಇಡುವುದು.

ಈ ದಾರಿಗಳಲ್ಲಿ ಯಾರೂ ಸುಮ್ಮನೆ ನಡೆಯುತ್ತಿರಲಿಲ್ಲ. ಬೆಳಿಗ್ಗೆ ಹೆಂಗಸರು ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದರು. ಆ ಸೊಪ್ಪು ಹಟ್ಟಿಗೆ ಬಿದ್ದು, ಸೆಗಣಿಯೊಡನೆ ಗೊಬ್ಬರವಾಗಿ, ಮಳೆಗಾಲದ ಏಣೆಲು ಬೇಸಾಯಕ್ಕೆ ಗದ್ದೆ ಸೇರಬೇಕು. ವರ್ಗ ಜಮೀನಿಗೆ ತಾಗಿದ ಸರಕಾರಿ ಗುಡ್ಡೆಯಿಂದ ಸೊಪ್ಪು ಸೌದೆ ತರುವ ಕುಮ್ಕಿ ಸವಲತ್ತು ಹಳೆಯ ದಕ್ಷಿಣ ಕನ್ನಡದ ಬೇಸಾಯಕ್ಕೆ ಬೆನ್ನೆಲುಬಾಗಿತ್ತು. ಮಧ್ಯಾಹ್ನ ಅದೇ ದಾರಿಯಲ್ಲಿ ಬೀಡಿ ಕಟ್ಟುವವರು ಬುಟ್ಟಿ ಹಿಡಿದು ಬ್ರಾಂಚಿನ ಕಡೆ ಹೋಗುತ್ತಿದ್ದರು. ಕಟ್ಟಿದ ಬೀಡಿ ಕೊಟ್ಟು, ಎಲೆ ಮತ್ತು ಹೊಗೆಸೊಪ್ಪು ತರುತ್ತಿದ್ದರು. ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಪುಸ್ತಕ ಆ ಬುಟ್ಟಿಯಿಂದ ಬಂದವು. ಸಂಜೆ ದನ ಮೇಯಿಸಿದ ಹುಡುಗರು, ಶಾಲೆ ಬಿಟ್ಟ ನಾವು.

ನಮಗೆ ಶಾಲೆಗಿಂತ ಶಾಲೆಯ ದಾರಿ ದೊಡ್ಡದು. ಬೇಸಿಗೆಯ ಹೊತ್ತಿಗೆ ಗುಡ್ಡೆಯಲ್ಲಿ ಕರಂಡೆ, ಕುಂಟಲ, ಕೇಪಳ ಹಣ್ಣು. ತೋಡಿನ ಬದಿಯಲ್ಲಿ ಪುನರ್ಪುಳಿ, ದಡ ಕುಸಿಯದಂತೆ ಹಿಡಿದ ಮುಂಡೇವಿನ ಪೊದೆ. ಮೊದಲ ದೊಡ್ಡ ಮಳೆಗೆ ತೋಡಿನಿಂದ ಗದ್ದೆಗೆ ಹತ್ತುವ ಮೀನು ಹಿಡಿಯಲು ಇಡೀ ಊರೇ ರಾತ್ರಿ ಪಂಜಿನಂಥ ತೂಟೆ ಹಿಡಿದು ಬೈಲಿಗೆ ಇಳಿಯುತ್ತಿತ್ತು. ನಾಗಬನದ ಬಳಿ ಬಂದಾಗ ಮಾತು ನಿಲ್ಲಿಸಿ ದಾಟಬೇಕು ಎಂದು ಕಲಿಸಿದ್ದರು. ಅಲ್ಲಿ ಒಂದು ಕೊಂಬೆಯನ್ನೂ ಯಾರೂ ಮುರಿಯುತ್ತಿರಲಿಲ್ಲ. ಹಾಗಾಗಿಯೇ ಬಯಲಾದ ಗುಡ್ಡೆಗಳ ನಡುವೆಯೂ ಆ ಬನಗಳಲ್ಲಿ ಹಳೆಯ ಕಾಡಿನ ಮರಬಳ್ಳಿಗಳು ಉಳಿದವು.

ಹಬ್ಬದ ದಿನಗಳಲ್ಲಿ ಈ ದಾರಿಗಳು ಊರಿಂದೂರಿಗೆ ಕೂಡಿಕೊಳ್ಳುತ್ತಿದ್ದವು. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಜಾತ್ರೆಗೆ ಎಲ್ಲ ಮತದವರೂ ಮೊಂಬತ್ತಿಯ ಹರಕೆ ಹೊತ್ತು ಗದ್ದೆಯ ಮೇಲೆಯೇ ನಡೆಯುತ್ತಿದ್ದರು. ಸುಗ್ಗಿ ಎಂಬ ಎರಡನೆಯ ಬೆಳೆ ಇಲ್ಲದ ಗದ್ದೆಗಳಲ್ಲಿ ಆ ಹೊತ್ತಿಗೆ ಕೊಯ್ಲಿನ ಕೂಳೆ ಮಾತ್ರ. ಬೇಸಿಗೆಯ ಹುಣ್ಣಿಮೆಗೆ ನಂದಳಿಕೆಯ ಸಿರಿಜಾತ್ರೆ. ಬೆಳದಿಂಗಳಿರುತ್ತಿದ್ದುದರಿಂದ ಆ ನಡಿಗೆಗೆ ತೂಟೆ ಬೇಕಿರಲಿಲ್ಲ. ಮುಂಡ್ಕೂರಿನ ಕಡೆಗೆ ಇಳಿದರೆ ಶಾಂಭವಿ ಹೊಳೆ, ಅಲ್ಲಿಂದಾಚೆ ಮೂಲ್ಕಿಯ ಅಳಿವೆ. ಹೊಳೆಯ ಆಚೆ ದಡದಲ್ಲಿ ನೆಂಟರಿದ್ದವರು ಕಡವಿನಲ್ಲಿ ದೋಣಿಯವನನ್ನು ಕೂಗಿ ಕರೆಯುತ್ತಿದ್ದ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಬೇರೆಯವರ ಅಂಗಳವನ್ನು ಹಾದು ಹೋಗಬೇಕಾದಲ್ಲಿ ಹೇಳಿ ಕೇಳಿ ಹೋಗುವುದು ಮರ್ಯಾದೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ಮನೆಯವರ ಮರ್ಯಾದೆ.

ಇಷ್ಟೆಲ್ಲ ದಾರಿಗಳನ್ನು ಕಾಪಾಡಿದವರು ಯಾರು ಎಂದರೆ ನಡೆಯುತ್ತಿದ್ದವರೇ. ಮಳೆ ನಿಂತ ಮೇಲೆ ತಮ್ಮ ತಮ್ಮ ಗಡಿಯಲ್ಲಿ ಮುಳ್ಳು ಸವರುವುದು, ಕೊಚ್ಚಿಹೋದ ಸಂಕಕ್ಕೆ ಹೊಸ ಅಡಿಕೆ ಮರ ಹಾಕುವುದು, ಕಟ್ಟಪುಣಿಗೆ ಕೆಸರು ಮೆತ್ತುವುದು ಬೇಸಾಯದ್ದೇ ಭಾಗ. ಸುಗ್ಗಿ ಬೆಳೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡಲಾಗಿ ಮಣ್ಣು, ಸೊಪ್ಪು, ಮರದ ಗೂಟ ಹಾಕಿ ಕಟ್ಟ ಕಟ್ಟುತ್ತಿದ್ದರು. ಒಂದು ಕಟ್ಟದ ನೀರು ಹಲವು ಮನೆಗಳ ಗದ್ದೆಗೆ ಹೋಗುತ್ತಿದ್ದುದರಿಂದ ಮನೆಗೊಬ್ಬರಂತೆ ಬರಲೇಬೇಕು. ಆ ಕಟ್ಟದ ಮೇಲೆಯೇ ಮುಂದಿನ ಮಳೆಗಾಲದವರೆಗೆ ಜನ ತೋಡು ದಾಟುತ್ತಿದ್ದರು. ನೀರು ಮತ್ತು ದಾರಿ ಒಂದೇ ದುಡಿಮೆಯಿಂದ ಹುಟ್ಟುತ್ತಿದ್ದವು. ಒಂದು ಹೋದಾಗ ಇನ್ನೊಂದೂ ಹೋದದ್ದು ಆ ಕಾರಣದಿಂದಲೇ.

ಹೋದದ್ದು ಒಂದೇ ದಿನದಲ್ಲಿ ಅಲ್ಲ. 1974ರ ಭೂಸುಧಾರಣೆ ಗೇಣಿಯವರನ್ನು ಒಡೆಯರನ್ನಾಗಿ ಮಾಡಿತು. ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ನ್ಯಾಯ ಅದು. ಮುಂದಿನ ತಲೆಮಾರಿಗೆ ಶಿಕ್ಷಣ ಸಿಕ್ಕಿತು, ಮುಂಬಯಿ ಮತ್ತು ಗಲ್ಫ್ ಕರೆದವು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಆರಂಭವಾಯಿತು, 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಬೀಡಿ ಕಟ್ಟಿದ ತಾಯಂದಿರ ಮಕ್ಕಳು ಎಂಜಿನಿಯರುಗಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬದಲಾವಣೆಯ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಗದ್ದೆಗೆ ಇಳಿಯುವ ಕಾಲುಗಳು ಕಡಿಮೆಯಾದವು. ಹಟ್ಟಿ ಖಾಲಿಯಾಯಿತು, ಸೊಪ್ಪು ಬೇಡವಾಯಿತು. ಗುಡ್ಡೆಯ ಮೇಲೆ ಅಕೇಶಿಯಾ, ಗೇರು, ಆಮೇಲೆ ರಬ್ಬರ್ ಬಂತು. ರಬ್ಬರ್ ತೋಟಕ್ಕೆ ಮುಳ್ಳುತಂತಿ ಬಂತು. ಬೈಲು ಕೆಲವೆಡೆ ಅಡಿಕೆ ತೋಟವಾಯಿತು, ಕೆಲವೆಡೆ ಬೇಸಾಯವಿಲ್ಲದೆ ಹಡಿಲು ಬಿದ್ದಿತು. ಕಟ್ಟಪುಣಿ ಎರಡು ಮಳೆಗಾಲ ಮಣ್ಣು ಕಾಣದಿದ್ದರೆ ಕರಗಿಹೋಗುತ್ತದೆ.

ಅದೇ ಹೊತ್ತಿಗೆ ಮನೆಮನೆಯ ಅಂಗಳಕ್ಕೆ ರಸ್ತೆ ತಲುಪಿತು. ಹಿಂದೆ ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಬೈಲಿನುದ್ದ ಹೊತ್ತು ತರುತ್ತಿದ್ದರು. ರಿಕ್ಷಾ ಬಂದು ಎಷ್ಟೋ ಜೀವ ಉಳಿಯಿತು. 2006ರ ನಂತರ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದ ಸೈಕಲ್ ಸಿಕ್ಕಿತು, ಅದರ ಹಿಂದೆಯೇ ಶಾಲಾ ವಾಹನ. ಮಕ್ಕಳೂ ಇಲ್ಲದ ಮೇಲೆ ಓಣಿಯಲ್ಲಿ ಕಳೆ ತುಂಬಿತು. ಜಾಗ ಮನೆ ಸೈಟುಗಳಾಗಿ ಮಾರಾಟವಾದಾಗ ಹೊಸಬರಿಗೆ ಅಲ್ಲೊಂದು ದಾರಿ ಇದ್ದ ಸುಳಿವೂ ಇರಲಿಲ್ಲ. ಅವರು ಕಾಂಪೌಂಡ್ ಕಟ್ಟಿದರು. ತಡಮೆ ಇದ್ದ ಕಡೆ ಕಬ್ಬಿಣದ ಗೇಟು. ತೋಡಿನ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದಲ್ಲಿ ಮುಂಡೇವೂ ಹೋಯಿತು, ಬದಿಯ ದಾರಿಯೂ ಹೋಯಿತು.

ದಾರಿಗಳು ಎಲ್ಲ ಕಡೆಯೂ ಹೀಗೆ ಕಳೆದುಹೋಗಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೊಳೆಯ ಬದಿ, ಕಾಡಿನ ಅಂಚು, ಖಾಸಗಿ ಹೊಲದ ನಡುವೆಯೂ ಜನ ಇಂದಿಗೂ ಹಕ್ಕಿನಿಂದ ನಡೆಯುತ್ತಾರೆ. ಆ ಹಕ್ಕು ತಾನಾಗಿ ಉಳಿದದ್ದಲ್ಲ. 1932ರ ಏಪ್ರಿಲ್‌ನಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಕಾರ್ಮಿಕ ಯುವಕರು ನಿಷೇಧ ಮೀರಿ ಹತ್ತಿದರು, ಕೆಲವರು ಜೈಲಿಗೂ ಹೋದರು. 1949ರ ಕಾನೂನು ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು ಅಲ್ಲಿನ ಸ್ಥಳೀಯ ಆಡಳಿತಕ್ಕೆ ಹೊರಿಸಿತು. ನಮ್ಮಲ್ಲಿಯೂ ಆಧಾರ ಇಲ್ಲದಿಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಗೆ 1882ರ ಅನುಭೋಗ ಹಕ್ಕಿನ ಕಾಯಿದೆ ಮಾನ್ಯತೆ ಕೊಡುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕಾಲುದಾರಿಗೆ ತುಂಡು ಗೆರೆಯ ಗುರುತು ಇದೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ತಾಲೂಕು ಕಚೇರಿಯಲ್ಲಿ ಇಂದಿಗೂ ಕೇಳುತ್ತದೆ. ಆದರೆ ನಮ್ಮ ಬಹುಪಾಲು ದಾರಿಗಳು ಯಾವ ಗೆರೆಯನ್ನೂ ನಂಬಿರಲಿಲ್ಲ, ನಡೆಯುವವರ ಒಪ್ಪಂದವನ್ನು ನಂಬಿದ್ದವು. ನಡೆಯುವವರು ಇಲ್ಲವಾದಾಗ ಸಾಕ್ಷಿ ಹೇಳಲು ಯಾರೂ ಉಳಿಯಲಿಲ್ಲ.

ಇನ್ನೂ ಎಲ್ಲ ಮುಗಿದಿಲ್ಲ. ಹಳೆಯ ಮಣ್ಣಿನ ಕಟ್ಟಗಳ ಬದಲಿಗೆ ಕರಾವಳಿಯ ತೋಡು ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳು ಬಂದಿವೆ. ಹಲವೆಡೆ ಅವುಗಳ ಮೇಲೆ ನಡೆಯಲು ಹಾಸೂ ಇದೆ, ವರ್ಷವಿಡೀ ಗಟ್ಟಿಯಾಗಿ ನಿಲ್ಲುವ ಸಂಕ ಅದು. ಊರಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಅವರು ಬೆಳಗಿನ ನಡಿಗೆಗೆ ಟಿಪ್ಪರ್ ಓಡುವ ಹೆದ್ದಾರಿಯ ಅಂಚು ಹಿಡಿಯುತ್ತಾರೆ, ರಜೆಯಲ್ಲಿ ಚಾರಣಕ್ಕೆಂದು ಕುದುರೆಮುಖದ ಕಡೆ ಹೋಗುತ್ತಾರೆ. ತಮ್ಮ ಹಾಸ್ಟೆಲಿನ ಹಿಂದೆಯೇ ತೋಡಿದೆ, ನಾಗಬನವಿದೆ, ಪಾದೆಯ ಮೇಲೆ ಮಳೆಗಾಲದ ಹೂಗಳಿವೆ ಎಂದು ಅವರಿಗೆ ತೋರಿಸುವವರಿಲ್ಲ.

ಎಪ್ಪತ್ತು ದಾಟಿದ ಅಜ್ಜಿಯರು, ಅಜ್ಜಂದಿರು ಇನ್ನೂ ಕೆಲವು ಮನೆಗಳಲ್ಲಿ ಇದ್ದಾರೆ. ಯಾವ ಓಣಿ ಎಲ್ಲಿಗೆ ಹೋಗುತ್ತಿತ್ತು, ಯಾವ ಸಂಕ ಯಾರ ಗಡಿಯಲ್ಲಿತ್ತು ಎಂದು ಅವರ ಕಾಲಿಗೇ ಗೊತ್ತು. ಗ್ರಾಮ ಪಂಚಾಯತು ನಕ್ಷೆ ತೆಗೆದು, ಅವರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೆ ಕರೆದುಕೊಂಡು ಒಂದೊಂದೇ ದಾರಿಯನ್ನು ಗುರುತಿಸಲಿ. ಸರಕಾರಿ ತೋಡಿನ ಬದಿಯದ್ದರಿಂದ ಶುರುಮಾಡಲಿ. ಅಲ್ಲಿ ಯಾರ ಜಾಗವನ್ನೂ ಕೇಳಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಅದನ್ನು ಬರೆದಿಡಲಿ. ಖಾಸಗಿ ಜಾಗದ ಒಡೆಯರು ಒಪ್ಪಿದಲ್ಲಿ ಗೇಟಿನ ಪಕ್ಕ ಮತ್ತೆ ಒಂದು ತಡಮೆ ಇಡಲಿ. ಕೆಲಸಕ್ಕಾಗಿ ಹುಟ್ಟಿದ ದಾರಿಗಳು ಇನ್ನು ಮುಂದೆ ಆರೋಗ್ಯಕ್ಕಾಗಿ, ನೆರೆಹೊರೆಗಾಗಿ, ನೀರು ಹರಿಯುವ ಜಾಗವನ್ನು ಕಣ್ಣಿಟ್ಟು ಕಾಯುವುದಕ್ಕಾಗಿ ಬದುಕಬಹುದು. ಜನ ನಡೆದಾಡುವ ತೋಡಿಗೆ ಕಸ ಸುರಿಯಲು, ಅದನ್ನು ಒತ್ತುವರಿ ಮಾಡಲು ಯಾರಿಗೂ ಸುಲಭವಿಲ್ಲ. ಈ ಕೆಲಸಕ್ಕೆ ದೊಡ್ಡ ಅನುದಾನ ಬೇಡ, ಆದರೆ ಅದು ಆ ಹಿರಿಯರು ನಡೆಯಬಲ್ಲವರಾಗಿರುವಾಗಲೇ ಶುರುವಾಗಬೇಕು.