ಅದ್ಭುತಗಳ ಬೆಲೆ

೧೯೯೧ರಲ್ಲಿ ಅಮೆರಿಕದ ಸಿಡ್ ಮೇಯರರು ರಚಿಸಿದ ‘ಸಿವಿಲೈಜೇಷನ್’ ಎಂಬ ಗಣಕಯಂತ್ರದ ಆಟವನ್ನು ನಮ್ಮ ಮೊಮ್ಮಗನ ಬಳಿ ಕುಳಿತು ನೋಡಿರುವೆವು. ಜನಾಂಗವೊಂದನ್ನು ಬೆಳೆಸುವುದೇ ಅದರ ಸಾರ. ಪಿರಮಿಡ್ಡು ಮೊದಲಾದ ಅದ್ಭುತಗಳನ್ನೂ ಕಟ್ಟಬಹುದು. ಒಂದೊಂದು ಒಬ್ಬನಿಗೆ ಮಾತ್ರ. ಸಾರ್ಥಗಳನ್ನು, ಎಂದರೆ ವರ್ತಕರ ತಂಡಗಳನ್ನು, ಕರೆತಂದು ಕೆಲಸವನ್ನು ತ್ವರೆಗೊಳಿಸಬಹುದು.

ಹುಡುಗನಿಗೆ ಎಲ್ಲವೂ ಬೇಕು. ನಾವು ಒಪ್ಪೆವು. ಅಲೆಕ್ಸಾಂಡ್ರಿಯದ ಗ್ರಂಥಭಂಡಾರವನ್ನೇ ನೋಡಿರಿ: ಅನ್ಯ ಜನಾಂಗಗಳೆರಡು ಅರಿತ ವಿದ್ಯೆಯು ಅದನ್ನು ಕಟ್ಟಿದವನಿಗೆ ತಾನಾಗಿ ಲಭಿಸುವುದು. ಹಿಂದುಳಿದವನಿಗೆ ಅದು ಕಾಮಧೇನುವೇ ಸರಿ. ಎಲ್ಲರಿಗಿಂತ ಮುಂದಿರುವವನಿಗೆ ಅದರಿಂದ ಬರುವುದೇನು? ವಿಶ್ವವಿದ್ಯಾಲಯದ ವಿದ್ಯೆ ಹುಟ್ಟಿದೊಡನೆ ಅದರ ಫಲವೂ ನಿಲ್ಲುವುದು. (ಉಪಾಧ್ಯಾಯರಾಗಿದ್ದ ನಮಗೆ ಈ ನಿಯಮ ರುಚಿಸಲಿಲ್ಲ.) ಅಷ್ಟೇ ದುಡಿಮೆಯಲ್ಲಿ ಕಣಜವೂ ಕೋಟೆಗೋಡೆಯೂ ಏಳುತ್ತಿದ್ದವು. ಗೋಡೆಯಿಲ್ಲದ ಪಟ್ಟಣವನ್ನು ಶತ್ರುವು ಗೆದ್ದನೆಂದರೆ ಒಳಗಿನ ಅದ್ಭುತವೂ ಅವನದೇ.