ಧಾರವಾಡದಿಂದ ದಲಾಲ್ ಸ್ಟ್ರೀಟ್‌ಗೆ

‘ಸ್ಕ್ಯಾಮ್ 1992’ ಸರಣಿ ನೋಡಿದ ನಮ್ಮಲ್ಲಿ ಹೆಚ್ಚಿನವರಿಗೆ ಹರ್ಷದ್ ಮೆಹ್ತಾನ ಡೈಲಾಗುಗಳು ಬಾಯಿಪಾಠ. ಅವನ ವ್ಯವಹಾರ ಬಯಲಿಗೆಳೆದ ಸುಚೇತಾ ದಲಾಲ್ ನಮ್ಮ ಬೆಳಗಾವಿ, ಧಾರವಾಡದಲ್ಲಿ ಓದಿದವರು ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಬಿಎಸ್ಸಿ, ಆಮೇಲೆ ಮುಂಬೈಯಲ್ಲಿ ಕಾನೂನು. 1984ರಲ್ಲಿ ಹೂಡಿಕೆದಾರರ ಪತ್ರಿಕೆಯೊಂದರಲ್ಲಿ ಕೆಲಸ ಶುರು. 1992ರ ಏಪ್ರಿಲ್ 23ರಂದು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಅವರ ವರದಿ ಬಂತು: ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ 500 ಕೋಟಿ ರೂಪಾಯಿ ತಾಳೆಯಾಗುತ್ತಿಲ್ಲ! ಸರ್ಕಾರಿ ಸಾಲಪತ್ರ ಕೊಳ್ಳೋಕೆ ಬ್ಯಾಂಕುಗಳು ಕೊಟ್ಟ ದುಡ್ಡು ಷೇರುಪೇಟೆಗೆ ಹರಿದಿತ್ತು. ಎಷ್ಟೋ ಬ್ಯಾಂಕ್ ರಸೀದಿಗಳ ಹಿಂದೆ ಸಾಲಪತ್ರಗಳೇ ಇರಲಿಲ್ಲ.

ಅಷ್ಟು ದೊಡ್ಡ ಸುದ್ದಿ ಮಾಡಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 2006ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಪತಿ ದೇಬಾಶಿಶ್ ಬಸು ಜೊತೆ ‘ಮನಿಲೈಫ್’ ಪತ್ರಿಕೆಯೂ ಶುರುವಾಯ್ತು. ಶ್ರೀಮಂತರ ಯಶೋಗಾಥೆ ಹಾಡೋ ಪತ್ರಿಕೆಗಳ ನಡುವೆ, ಅದರ ಸಂಪಾದಕಿಯಾಗಿ ಸುಚೇತಾ ಹಿಡಿದದ್ದು ಸಾಮಾನ್ಯರ ಉಳಿತಾಯದ ಪಕ್ಷ. ವಿಮೆ, ಮ್ಯೂಚುವಲ್ ಫಂಡ್, ಬ್ಯಾಂಕಿನವರ ಶುಲ್ಕ ಇವೇ ಅಲ್ಲಿನ ಸುದ್ದಿ.

ಇವತ್ತು ನಮ್ಮ ಫೋನುಗಳಲ್ಲೂ ಟ್ರೇಡಿಂಗ್ ಆ್ಯಪ್ ಇದೆ. ಅಪ್ಪ ಕಳಿಸಿದ ಮೆಸ್ ದುಡ್ಡು ಆಪ್ಷನ್ಸ್‌ಗೆ ಹೋಗುತ್ತೆ. “ಡಬಲ್ ಆಗುತ್ತೆ ಮಗಾ” ಅನ್ನೋರಿಗೇನೂ ಬರವಿಲ್ಲ. ಹರ್ಷದ್‌ಗೆ ಇಷ್ಟು ದುಡ್ಡು ಹೇಗೆ ಬಂತು ಅಂತ ಪೇಟೆಯೆಲ್ಲ ಬೆರಗಾಗಿ ನೋಡ್ತಿದ್ದಾಗ, ಸುಚೇತಾ ಅದನ್ನೇ ಪ್ರಶ್ನೆಯಾಗಿ ಕೇಳಿದ್ರು. ಡೈಲಾಗಿಗಿಂತ ಮೊದಲು ನಾವು ಕಲಿಯಬೇಕಾದ್ದು ಆ ಪ್ರಶ್ನೆ: ದುಡ್ಡು ಎಲ್ಲಿಂದ ಬಂತು, ಯಾರದು?